ಲಾರಿಯೊಳಗಿನ ಋತು ಬದಲಿಸಿದ ಮೆಕ್ಯಾನಿಕ್ ಫ್ರೆಡ್ ಜೋನ್ಸ್

ಅಮೆರಿಕದ ಉತ್ತರ ಗಡಿಯ ಮಿನ್ನೆಸೋಟ ರಾಜ್ಯದಲ್ಲಿ ಜನವರಿಯ ರಾತ್ರಿಗಳು ನಿರ್ದಯವಾದವು. ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದು ಅಲ್ಲಿ ಅಪರೂಪದ ಸಂಗತಿಯಲ್ಲ. ಅಂಥ ರಾತ್ರಿಯಲ್ಲೂ ಹೆದ್ದಾರಿಯ ಬದಿಯ ತಂಗುದಾಣಗಳಲ್ಲಿ ಸಾಲುಸಾಲು ಲಾರಿಗಳು ನಿಂತಿರುತ್ತವೆ. ಚಾಲಕನ ಆಸನದ ಹಿಂದೆ, ಒಬ್ಬರು ಮಲಗುವಷ್ಟೇ ಜಾಗದ ಹಾಸಿಗೆ. ದಿನವಿಡೀ ಸ್ಟಿಯರಿಂಗ್ ಹಿಡಿದವನಿಗೆ ಅದೇ ಮನೆ, ಅದೇ ಮಲಗುವ ಕೋಣೆ.

ದಶಕಗಳ ಕಾಲ ಆ ಪುಟ್ಟ ಕೋಣೆಯನ್ನು ಬೆಚ್ಚಗಿಡಲು ಬಹುತೇಕ ಅಮೆರಿಕನ್ ಚಾಲಕರಿಗೆ ತಿಳಿದಿದ್ದ ದಾರಿ ಒಂದೇ. ಲಾರಿಯ ದೊಡ್ಡ ಎಂಜಿನ್ನನ್ನು ಬೆಳಗಿನವರೆಗೂ ಆರಿಸದೆ ಓಡಿಸುತ್ತಲೇ ಇರುವುದು. ಹತ್ತಾರು ಟನ್ ಭಾರ ಎಳೆಯಬಲ್ಲ ಯಂತ್ರ ಒಬ್ಬ ಮನುಷ್ಯನ ಕಂಬಳಿಯನ್ನು ಬೆಚ್ಚಗಿಡಲೆಂದು ಇರುಳಿಡೀ ಗುಡುಗುತ್ತಿತ್ತು. ವಿಚಿತ್ರವೆಂದರೆ ಅದೇ ಲಾರಿಯ ಹಿಂದಿನ ಟ್ರೇಲರಿನಲ್ಲಿದ್ದ ಮಾಂಸಕ್ಕೆ, ಹಣ್ಣಿಗೆ, ಔಷಧಕ್ಕೆ ಇಂಥ ಕಷ್ಟವಿರಲಿಲ್ಲ. ಅವುಗಳ ಕಾವಲಿಗೆ ಪ್ರತ್ಯೇಕವಾದೊಂದು ಪುಟ್ಟ ಎಂಜಿನ್ ಇತ್ತು. ಎಷ್ಟು ಡಿಗ್ರಿ ಬೇಕೋ ಅಷ್ಟನ್ನು ಅದು ತಾನೇ ನೋಡಿಕೊಳ್ಳುತ್ತಿತ್ತು.

ಸರಕಿಗೆ ಆ ಸೌಕರ್ಯವನ್ನು ಒದಗಿಸಿದವರು ಫ್ರೆಡರಿಕ್ ಮೆಕಿನ್ಲಿ ಜೋನ್ಸ್. ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಶಾಲೆಯನ್ನೂ ಪೂರ್ತಿ ಮುಗಿಸಿದವರಲ್ಲ. ಆದರೂ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರಿನಲ್ಲಿ 60ಕ್ಕೂ ಹೆಚ್ಚು ಪೇಟೆಂಟುಗಳಿದ್ದವು. ಇಂದು ಚಾಲಕನ ಹಾಸಿಗೆಯನ್ನು ಬೆಚ್ಚಗಿಡುವ ಪೂರಕ ಯಂತ್ರಗಳ ಹಿಂದಿರುವ ವಿಚಾರವನ್ನು ಅರಿಯಬೇಕಾದರೆ ಈ ಮೆಕ್ಯಾನಿಕ್‌ನ ಬದುಕನ್ನು ಬಾಲ್ಯದಿಂದಲೇ ನೋಡಬೇಕು.

ಗ್ಯಾರೇಜೇ ಪಾಠಶಾಲೆ

ಜೋನ್ಸ್ ಹುಟ್ಟಿದ್ದು 1893ರ ಮೇ 17ರಂದು, ಓಹಿಯೋ ನದಿಯ ದಡದ ಸಿನ್ಸಿನಾಟಿ ನಗರದ ಪರಿಸರದಲ್ಲಿ. ತಂದೆ ಐರಿಷ್ ಮೂಲದವರು, ರೈಲು ರಸ್ತೆಯ ಕೆಲಸಗಾರ. ತಾಯಿ ಕಪ್ಪು ವರ್ಣೀಯ ಮಹಿಳೆ. ತಾಯಿಯ ಆಸರೆ ಎಳವೆಯಲ್ಲೇ ತಪ್ಪಿತು. ಒಬ್ಬರೇ ಮಗುವನ್ನು ಸಾಕಲಾರದ ತಂದೆ ನದಿಯಾಚೆಯ ಕೋವಿಂಗ್ಟನ್ ಪಟ್ಟಣದ ಕ್ಯಾಥೊಲಿಕ್ ಪಾದ್ರಿಯೊಬ್ಬರ ಬಳಿ ಮಗನನ್ನು ಬಿಟ್ಟರು. ಕೆಲಕಾಲದಲ್ಲಿ ತಂದೆಯೂ ಇಲ್ಲವಾದರು.

ಪಾದ್ರಿಯ ಮನೆಯಲ್ಲಿ ಊಟ, ಬಟ್ಟೆ, ಒಂದಿಷ್ಟು ಓದು ದೊರೆಯಿತು. ಅದಕ್ಕೆ ಪ್ರತಿಯಾಗಿ ಮನೆಗೆಲಸವನ್ನೂ ಮಾಡಬೇಕಿತ್ತು. ಆದರೆ ಹುಡುಗನ ಮನಸ್ಸು ಪುಸ್ತಕಕ್ಕಿಂತ ಯಂತ್ರಗಳತ್ತ ಒಲಿದಿತ್ತು. 11ನೆಯ ವಯಸ್ಸಿನಲ್ಲಿ ಆತ ಅಲ್ಲಿಂದ ಹೊರಟು ಸಿನ್ಸಿನಾಟಿಗೆ ಮರಳಿದ. ಮೋಟಾರು ಗ್ಯಾರೇಜೊಂದರಲ್ಲಿ ಕಸ ಗುಡಿಸುವ ಕೆಲಸ ಹಿಡಿದ. ಕಾರುಗಳು ಆಗತಾನೇ ಅಮೆರಿಕದ ರಸ್ತೆಗಿಳಿಯುತ್ತಿದ್ದ ಕಾಲವದು. ಅವುಗಳನ್ನು ರಿಪೇರಿ ಮಾಡಬಲ್ಲವರು ವಿರಳ. ಪೊರಕೆ ಹಿಡಿದಿದ್ದ ಹುಡುಗ ನೋಡಿ ನೋಡಿ ಕಲಿತು ಕೆಲವೇ ವರ್ಷಗಳಲ್ಲಿ ಆ ಗ್ಯಾರೇಜಿನ ಮೇಸ್ತ್ರಿಯಾದ. ಮೀಸೆ ಮೂಡುವ ಮುನ್ನವೇ ರೇಸು ಕಾರುಗಳನ್ನು ಕಟ್ಟುವುದರಲ್ಲಿಯೂ ಕೈ ಪಳಗಿತು.

1912ರಲ್ಲಿ ಕೆಲಸ ಹುಡುಕುತ್ತ ಜೋನ್ಸ್ ಮಿನ್ನೆಸೋಟದ ಉತ್ತರ ತುದಿಯ ಹ್ಯಾಲಕ್ ಎಂಬ ಸಣ್ಣ ಊರನ್ನು ತಲುಪಿದರು. ಕೆನಡಾದ ಗಡಿ ಅಲ್ಲಿಗೆ ಸಮೀಪ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಬಯಲು, ಗೋಧಿ ಮತ್ತು ಆಲೂಗಡ್ಡೆಯ ಹೊಲಗಳು. ಅಲ್ಲಿನ ವಿಶಾಲವಾದ ಕೃಷಿ ಕ್ಷೇತ್ರವೊಂದರ ಯಂತ್ರಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಆಗಿ ಅವರು ನೆಲೆ ನಿಂತರು. ಊರಿನ ಬಹುಪಾಲು ಜನ ಸ್ಕ್ಯಾಂಡಿನೇವಿಯಾದಿಂದ ವಲಸೆ ಬಂದ ಬಿಳಿಯ ರೈತರು. ವರ್ಣದ್ವೇಷ ಅಮೆರಿಕವನ್ನು ಸೀಳಿಹಾಕಿದ್ದ ದಿನಗಳಲ್ಲಿ ಆ ಊರು ಕಪ್ಪು ಮೆಕ್ಯಾನಿಕ್‌ನನ್ನು ಅವನ ಕೈಚಳಕದಿಂದಲೇ ಅಳೆಯಿತು. ಜೋನ್ಸ್ ಕೂಡ ಆ ಊರನ್ನು ತಮ್ಮದೆಂದೇ ತಿಳಿದರು.

ಚಳಿ ಕಲಿಸಿದ ವಿದ್ಯೆ

ಹ್ಯಾಲಕ್‌ನ ಚಳಿ ಯಂತ್ರಗಳ ಶತ್ರು. ಎಣ್ಣೆ ಮಂದವಾಗುತ್ತದೆ, ಬ್ಯಾಟರಿ ಸೊರಗುತ್ತದೆ, ಲೋಹ ಬಿರುಸಾಗುತ್ತದೆ, ರಸ್ತೆಯೇ ಹಿಮದಡಿ ಮಾಯವಾಗುತ್ತದೆ. ಹಿಮಗಾಳಿ ಬೀಸಿದಾಗ ಹಳ್ಳಿಯ ರೋಗಿಗಳ ಬಳಿಗೆ ವೈದ್ಯರು ಹೋಗುವುದೇ ಅಸಾಧ್ಯವಾಗುತ್ತಿತ್ತು. ಜೋನ್ಸ್ ಹಳೆಯ ವಿಮಾನವೊಂದರ ಒಡಲಿಗೆ ಜಾರುಪಟ್ಟಿಗಳನ್ನು ಜೋಡಿಸಿ, ಎಂಜಿನ್ ಮತ್ತು ವಿಮಾನದ ಪಂಖ ಕೂರಿಸಿ, ಹಿಮದ ಮೇಲೆ ಸರಿದೋಡುವ ವಾಹನವನ್ನು ತಯಾರಿಸಿದರು. ವೈದ್ಯರನ್ನು ಕೂರಿಸಿಕೊಂಡು ಹಿಮದ ಬಯಲನ್ನು ದಾಟಿದರು.

ರೋಗಿಯನ್ನು ಎಕ್ಸ್‌ರೇ ಯಂತ್ರದ ಬಳಿಗೆ ಸಾಗಿಸುವುದು ಕಷ್ಟವಾಗಿದ್ದಾಗ, ಯಂತ್ರವನ್ನೇ ರೋಗಿಯ ಬಳಿಗೆ ಒಯ್ಯುವಂತೆ ಸಣ್ಣದಾಗಿ ಕಟ್ಟಿಕೊಟ್ಟರು. ಅದಕ್ಕೆ ಪೇಟೆಂಟ್ ಪಡೆಯಬೇಕೆಂದು ಅವರಿಗೆ ಹೊಳೆಯಲಿಲ್ಲ. ಮುಂದೆ ಅಂಥ ಯಂತ್ರಗಳಿಂದ ಬೇರೆಯವರು ಹಣ ಮಾಡಿದರು. ಈ ಎರಡೂ ಪ್ರಯತ್ನಗಳಲ್ಲಿ ಅವರ ಮುಂದಿನ ಸಾಧನೆಯ ಬೀಜವಿದೆ. ದೊಡ್ಡದನ್ನು ಚಿಕ್ಕದು ಮಾಡು, ಒಂದೆಡೆ ನಿಂತದ್ದನ್ನು ಸಾಗುವಂತೆ ಮಾಡು ಎಂಬುದೇ ಅವರ ಕೆಲಸದ ಸೂತ್ರವಾಯಿತು.

ನಡುವೆ ಮೊದಲ ಮಹಾಯುದ್ಧ ಬಂದಿತು. ಜೋನ್ಸ್ ಸೇನೆ ಸೇರಿ ಫ್ರಾನ್ಸಿಗೆ ಹೋದರು. ಅಲ್ಲಿಯೂ ಅವರ ಕೈಗೆ ಸಿಕ್ಕಿದ್ದು ತಂತಿಗಳೇ. ಸೇನಾ ಶಿಬಿರಕ್ಕೆ ವಿದ್ಯುತ್, ದೂರವಾಣಿ, ಟೆಲಿಗ್ರಾಫ್ ಸಂಪರ್ಕ ಕಲ್ಪಿಸುವ ಕೆಲಸದಲ್ಲಿ ತೊಡಗಿ ಸಾರ್ಜೆಂಟ್ ದರ್ಜೆಗೇರಿದರು. ಯುದ್ಧ ಮುಗಿದೊಡನೆ ಹ್ಯಾಲಕ್‌ಗೆ ಮರಳಿ, ಓದಿ ಕೆದಕಿ ಎಲೆಕ್ಟ್ರಾನಿಕ್ಸ್ ಕಲಿತು, ಊರಿನ ರೇಡಿಯೊ ಕೇಂದ್ರಕ್ಕೆ ಪ್ರಸಾರಯಂತ್ರವನ್ನು ನಿರ್ಮಿಸಿದರು.

1920ರ ದಶಕದ ಕೊನೆಗೆ ಸಿನಿಮಾ ಮಾತು ಕಲಿಯಿತು. ಮಾತಿನ ಚಿತ್ರ ತೋರಿಸುವ ಯಂತ್ರವನ್ನು ಕೊಳ್ಳುವ ಶಕ್ತಿ ಸಣ್ಣ ಊರಿನ ಚಿತ್ರಮಂದಿರಗಳಿಗೆ ಇರಲಿಲ್ಲ. ಜೋನ್ಸ್ ಗುಜರಿಯಿಂದ ಹೆಕ್ಕಿದ ಬಿಡಿಭಾಗಗಳಿಂದಲೇ ಧ್ವನಿಯಂತ್ರವನ್ನು ಜೋಡಿಸಿಕೊಟ್ಟರು. ಈ ಸುದ್ದಿ ಮಿನ್ನಿಯಾಪೊಲಿಸ್ ನಗರದ ಉದ್ಯಮಿ ಜೋಸೆಫ್ ನ್ಯೂಮೆರೊ ಅವರ ಕಿವಿಗೆ ಬಿತ್ತು. ಚಿತ್ರಮಂದಿರಗಳ ಧ್ವನಿ ಸಾಧನಗಳನ್ನು ತಯಾರಿಸುತ್ತಿದ್ದ ನ್ಯೂಮೆರೊ, 1930ರ ಹೊತ್ತಿಗೆ ಜೋನ್ಸ್ ಅವರನ್ನು ತಮ್ಮ ಸಂಸ್ಥೆಗೆ ಕರೆಸಿಕೊಂಡರು. ಜೋನ್ಸ್ ಅವರಿಗೆ 1939ರಲ್ಲಿ ದೊರೆತ ಪೇಟೆಂಟ್ ಕೂಡ ಚಿತ್ರಮಂದಿರಕ್ಕೆ ಸಂಬಂಧಿಸಿದ್ದೇ. ಅದು ಟಿಕೆಟ್ ನೀಡುವ ಯಂತ್ರ.

ಕೊಳೆತ ಕೋಳಿ, ಹೊಸ ಉದ್ಯಮ

ಅಂದಿನ ಅಮೆರಿಕದಲ್ಲಿ ಬೇಗ ಕೆಡುವ ಆಹಾರವನ್ನು ಲಾರಿಯಲ್ಲಿ ದೂರ ಸಾಗಿಸುವುದು ಜೂಜಾಟವಾಗಿತ್ತು. ಮಂಜುಗಡ್ಡೆ, ಉಪ್ಪು ತುಂಬಿ ಬಾಗಿಲು ಮುಚ್ಚಿದರೆ ಮುಗಿಯಿತು. ದಾರಿಯಲ್ಲಿ ಲಾರಿ ಕೆಟ್ಟರೆ, ಬಿಸಿಲು ಹೆಚ್ಚಾದರೆ ಮಂಜುಗಡ್ಡೆ ಕರಗುತ್ತಿತ್ತು, ಸರಕು ಕೊಳೆಯುತ್ತಿತ್ತು. 1930ರ ದಶಕದ ಕೊನೆಯಲ್ಲಿ ಗಾಲ್ಫ್ ಮೈದಾನದಲ್ಲಿ ನ್ಯೂಮೆರೊ ಅವರ ಜತೆಗಿದ್ದ ಲಾರಿ ಮಾಲೀಕರೊಬ್ಬರು ತಮ್ಮ ಕೋಳಿ ಮಾಂಸದ ಲೋಡು ಹಾಳಾದದ್ದನ್ನು ಹೇಳಿ ಹಲುಬಿದರಂತೆ. ನ್ಯೂಮೆರೊ ಲಾರಿಗೆ ಶೀತಲ ಯಂತ್ರ ಮಾಡಿಕೊಡುವುದಾಗಿ ತಮಾಷೆಗೆ ಮಾತು ಕೊಟ್ಟರಂತೆ. ಆ ಮಾಲೀಕರು ಅದನ್ನು ನಿಜವೆಂದೇ ನಂಬಿ ಟ್ರೇಲರನ್ನು ಕಳಿಸಿಯೇ ಬಿಟ್ಟರೆಂಬುದು ಸಂಸ್ಥೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಕಥೆ. ಜೋನ್ಸ್ ಟ್ರೇಲರಿನೊಳಗೆ ಹೋಗಿ ಅಳತೆ ತೆಗೆದುಕೊಂಡು, ಕೆಲಸ ಆಗುತ್ತದೆಂದು ತಿಳಿಸಿದರು.

ಮಾತು ಸುಲಭ, ಕೆಲಸ ಕಠಿಣ. ಕಟ್ಟಡದೊಳಗೆ ಅಲುಗದೆ ನಿಲ್ಲುವ ಶೀತಲ ಯಂತ್ರ ಆಗಲೇ ಇತ್ತು. ಆದರೆ ಗುಂಡಿಬಿದ್ದ ರಸ್ತೆಯಲ್ಲಿ ಗಂಟೆಗಟ್ಟಲೆ ಕುಲುಕಾಡುತ್ತ, ಧೂಳು, ಕೆಸರು, ಹಿಮ ತಿನ್ನುತ್ತ ಕೆಲಸ ಮಾಡುವ ಯಂತ್ರ ಬೇರೆಯೇ ಜಾತಿಯದು. ಅನಿಲ ಹರಿಯುವ ಕೊಳವೆ ಎಲ್ಲಿ ಬಿರುಕು ಬಿಟ್ಟರೂ ಆಟ ಮುಗಿಯುತ್ತದೆ. ಜೋನ್ಸ್ ಅವರ ಮೊದಲ ಯಂತ್ರ ಬಹಳ ಭಾರವಾಗಿತ್ತು. ಟ್ರೇಲರಿನ ಅಡಿಭಾಗದಲ್ಲಿ ಕೂರಿಸಿದ್ದರಿಂದ ರಸ್ತೆಯ ಕಲ್ಲು, ಕೆಸರು ಅದಕ್ಕೆ ಅಪ್ಪಳಿಸುತ್ತಿದ್ದವು. ಅವರು ಸೋಲೊಪ್ಪದೆ ತೂಕ ಇಳಿಸಿದರು, ಯಂತ್ರವನ್ನು ಟ್ರೇಲರಿನ ಮುಂಭಾಗದಲ್ಲಿ, ಚಾಲಕನ ಕ್ಯಾಬಿನ್ನಿನ ಹಿಂದೆ ಎತ್ತರದಲ್ಲಿ ಕೂರಿಸಿದರು. ಇಂದಿಗೂ ಜಗತ್ತಿನ ಹೆದ್ದಾರಿಗಳಲ್ಲಿ ಓಡುವ ಶೀತಲ ಟ್ರೇಲರುಗಳ ಹಣೆಯ ಮೇಲೆ ಆ ಪೆಟ್ಟಿಗೆ ಅಲ್ಲಿಯೇ ಇರುತ್ತದೆ.

ನ್ಯೂಮೆರೊ ಧ್ವನಿಯಂತ್ರದ ವ್ಯವಹಾರವನ್ನು ಮಾರಿ, ಜೋನ್ಸ್ ಅವರೊಡನೆ ಹೊಸ ಸಂಸ್ಥೆ ಆರಂಭಿಸಿದರು. ಯು.ಎಸ್. ಥರ್ಮೊ ಕಂಟ್ರೋಲ್ ಎಂಬ ಹೆಸರಿನಲ್ಲಿ ಶುರುವಾದ ಆ ಸಂಸ್ಥೆಯೇ ಮುಂದೆ ಥರ್ಮೊ ಕಿಂಗ್ ಎಂದು ಜಗದ್ವಿಖ್ಯಾತವಾಯಿತು. ಎರಡನೆಯ ಮಹಾಯುದ್ಧದಲ್ಲಿ ಜೋನ್ಸ್ ರೂಪಿಸಿದ ಸಾಗಿಸಬಲ್ಲ ಶೀತಲ ಘಟಕಗಳು ಯುದ್ಧಭೂಮಿಯ ಆಸ್ಪತ್ರೆಗಳಿಗೆ ರಕ್ತ, ಔಷಧ ಮತ್ತು ಆಹಾರವನ್ನು ಕೆಡದಂತೆ ಕಾಪಾಡಿದವು.

ಸಣ್ಣ ಎಂಜಿನ್ನಿನ ದೊಡ್ಡ ವಿಚಾರ

ಜೋನ್ಸ್ ಅವರ ಹೆಸರು ಕೇಳಿದೊಡನೆ ಎಲ್ಲರ ನೆನಪಿಗೆ ಬರುವುದು ತಂಪು. ಆದರೆ ಅವರ ಪೇಟೆಂಟುಗಳ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಬೇರೆಯೇ ಚಿತ್ರ ಮೂಡುತ್ತದೆ. 1943ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿದ್ದು ಗ್ಯಾಸೊಲಿನ್ ಎಂಜಿನ್ ತಾನಾಗಿ ನಿಲ್ಲುವ ಮತ್ತು ತಾನಾಗಿ ಶುರುವಾಗುವ ವ್ಯವಸ್ಥೆಗೆ. 1949ರಲ್ಲಿ ಥರ್ಮೋಸ್ಟಾಟಿನ ಆಣತಿಯಂತೆ ಎಂಜಿನ್ನನ್ನು ನಡೆಸುವ ಉಪಾಯಕ್ಕೆ. 1950ರಲ್ಲಿ ಮುಚ್ಚಿದ ಜಾಗದೊಳಗಿನ ಗಾಳಿಯನ್ನು ತಂಪು ಮಾಡುವ ಅಥವಾ ಬಿಸಿ ಮಾಡುವ ಸಾಧನಕ್ಕೆ.

ತಂಪಿನ ಯಂತ್ರಕ್ಕೆ ಬಿಸಿಯ ಕೆಲಸವೇಕೆ? ಹ್ಯಾಲಕ್‌ನ ಚಳಿಗಾಲ ಕಂಡವರಿಗೆ ಉತ್ತರ ಗೊತ್ತು. ಬೇಸಿಗೆಯಲ್ಲಿ ಸರಕು ಕೊಳೆಯದಂತೆ ಕಾಯಬೇಕು, ಚಳಿಗಾಲದಲ್ಲಿ ಹೆಪ್ಪುಗಟ್ಟದಂತೆ ಕಾಯಬೇಕು. ಹೆಪ್ಪುಗಟ್ಟಿದ ಆಲೂಗಡ್ಡೆ ಕರಗಿದ ಮೇಲೆ ಕೊಳೆತದ್ದಕ್ಕೆ ಸಮ. ಮೊಟ್ಟೆ ಒಡೆಯುತ್ತದೆ, ಔಷಧ ಹಾಳಾಗುತ್ತದೆ. ಹಿಂದೆ ರೈಲು ಡಬ್ಬಿಗಳಲ್ಲಿ ಇದ್ದಿಲಿನ ಒಲೆಗಳನ್ನಿಟ್ಟು ಆಲೂಗಡ್ಡೆಯನ್ನು ಬೆಚ್ಚಗಿಡುತ್ತಿದ್ದುದುಂಟು. ಶೀತಲ ಯಂತ್ರವೇ ಈ ಕೆಲಸವನ್ನೂ ಮಾಡಬಲ್ಲದು. ಅನಿಲವನ್ನು ಕಂಪ್ರೆಸರ್ ಒತ್ತಿದಾಗ ಅದು ಕಾಯುತ್ತದೆ. ಸಾಮಾನ್ಯವಾಗಿ ಆ ಶಾಖವನ್ನು ಹೊರಗೆ ಚೆಲ್ಲಲಾಗುತ್ತದೆ. ಅದೇ ಕಾದ ಅನಿಲವನ್ನು ಒಳಗಿನ ಸುರುಳಿ ಕೊಳವೆಗೆ ತಿರುಗಿಸಿದರೆ ಟ್ರೇಲರ್ ಬೆಚ್ಚಗಾಗುತ್ತದೆ.

ಈ ಎಲ್ಲ ಪೇಟೆಂಟುಗಳ ಹಿಂದೆ ಇರುವ ವಿಚಾರ ಒಂದೇ. ಲಾರಿ ಎಳೆಯುವ ಎಂಜಿನ್ ಬೇರೆ, ಲಾರಿಯೊಳಗಿನ ಹವೆ ಕಾಯುವ ಎಂಜಿನ್ ಬೇರೆ. ಎರಡನೆಯದು ಸಣ್ಣದಾಗಿರಲಿ, ಅದಕ್ಕೆ ತನ್ನದೇ ಬುದ್ಧಿ ಇರಲಿ, ಬೇಕಾದಾಗ ಮಾತ್ರ ಉರಿಯಲಿ, ಸಾಕಾದಾಗ ಆರಲಿ. ದೊಡ್ಡ ಎಂಜಿನ್ ನಿಂತಿದ್ದರೂ ಒಳಗಿನ ಋತು ಕೆಡಬಾರದು.

ಮರೆತುಹೋದ ಕೋಣೆ

ಆದರೆ ಈ ವಿಚಾರ ಟ್ರೇಲರಿನ ಗೋಡೆಯ ಬಳಿಯೇ ನಿಂತುಬಿಟ್ಟಿತು. ಗೋಡೆಯ ಈಚೆ, ಒಂದೆರಡು ಅಡಿ ದೂರದಲ್ಲಿ ಮಲಗಿದ್ದ ಚಾಲಕನವರೆಗೆ ಬರಲು ಬಹಳ ಕಾಲ ಹಿಡಿಯಿತು. ಅಮೆರಿಕದಲ್ಲಿ ಚಾಲಕರ ದುಡಿಮೆಯ ಅವಧಿಗೆ ಮಿತಿ ಹಾಕುವ ಮೊದಲ ಕೇಂದ್ರ ನಿಯಮಗಳು 1930ರ ದಶಕದ ಕೊನೆಯಲ್ಲೇ ಬಂದಿದ್ದವು. ಇಷ್ಟು ಹೊತ್ತು ಚಾಲನೆ, ಇಷ್ಟು ಹೊತ್ತು ವಿಶ್ರಾಂತಿ ಎಂದು ಕಾನೂನು ಹೇಳಿತು. ಮಲಗುವ ಜಾಗ ಎಷ್ಟು ಬೆಚ್ಚಗಿರಬೇಕು ಎಂಬುದು ಮಾತ್ರ ಚಾಲಕನ ಪಾಡಿಗೆ ಉಳಿಯಿತು.

ಡೀಸೆಲ್ ಅಗ್ಗವಾಗಿದ್ದ ಕಾಲದಲ್ಲಿ ಎಂಜಿನ್ನನ್ನು ಇರುಳಿಡೀ ಓಡಿಸುವುದು ಯಾರಿಗೂ ದೊಡ್ಡ ಸಂಗತಿ ಎನಿಸಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಕಡುಚಳಿಯಲ್ಲಿ ಡೀಸೆಲ್‌ನೊಳಗಿನ ಮೇಣದಂಶ ಗಟ್ಟಿಯಾಗಿ ಇಂಧನ ಲೋಳೆಯಂತಾಗುತ್ತದೆ. ಆರಿಸಿದ ಎಂಜಿನ್ ಬೆಳಗ್ಗೆ ಶುರುವಾಗುವ ಭರವಸೆಯಿಲ್ಲ. ಹಾಗಾಗಿ ಚಾಲಕರು ಕೀಲಿ ತಿರುಗಿಸಲು ಹೆದರುತ್ತಿದ್ದರು.

ಬೆಲೆ ತೆರುತ್ತಿದ್ದವರು ಹಲವರು. ನಿಂತಲ್ಲೇ ಓಡುವ ಭಾರಿ ಲಾರಿಯ ಎಂಜಿನ್ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಕುಡಿಯುತ್ತದೆ. 10 ಗಂಟೆಗಳ ವಿಶ್ರಾಂತಿಗೆ 30 ಲೀಟರ್. ಎಂಜಿನ್ ಸವೆಯುವುದು ಬೇರೆ, ಹೊಗೆ ತಂಗುದಾಣವನ್ನು ತುಂಬುವುದು ಬೇರೆ. ನೂರು ಲಾರಿಗಳ ಗದ್ದಲದ ನಡುವೆ ನಿದ್ದೆ ಬಾರದ ಚಾಲಕ ಬೆಳಗ್ಗೆ ಅರೆಗಣ್ಣಿನಲ್ಲಿ ರಸ್ತೆಗಿಳಿಯುತ್ತಾನೆ. ಅವನ ಆಯಾಸ ಅವನೊಬ್ಬನಿಗೆ ಮಾತ್ರ ಸಂಬಂಧಿಸಿದ್ದಲ್ಲ. ಎದುರಿನಿಂದ ಬರುವ ಪ್ರತಿಯೊಂದು ವಾಹನದ ಪ್ರಾಣವೂ ಅದಕ್ಕೆ ಅಂಟಿಕೊಂಡಿರುತ್ತದೆ. ಇನ್ನು ಎಂಜಿನ್ ಆರಿಸಿ, ಅಡುಗೆ ಸ್ಟೌವನ್ನೋ ಇದ್ದಿಲನ್ನೋ ಕ್ಯಾಬಿನ್ನಿನೊಳಗೆ ಉರಿಸಿ ಬೆಚ್ಚಗಾಗುವ ಯತ್ನ ಇನ್ನೂ ಅಪಾಯಕಾರಿ. ಬಣ್ಣ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಹಾಸಿಗೆಯಡಿಯ ಪುಟ್ಟ ಒಲೆ

ಚಾಲಕನ ಕ್ಯಾಬಿನ್ನಿಗೆ ಹೀಟರ್ ಕಂಡುಹಿಡಿದವರು ಜೋನ್ಸ್ ಅಲ್ಲ. ಇಂಧನ ಉರಿಸುವ ಪೂರಕ ಹೀಟರುಗಳನ್ನು ಬೆಳೆಸಿದ ಕೀರ್ತಿ ಬಹುಮಟ್ಟಿಗೆ ಜರ್ಮನಿಯ ವೆಬಾಸ್ಟೊ, ಎಬರ್‌ಸ್ಪೇಷರ್ ಮುಂತಾದ ಸಂಸ್ಥೆಗಳಿಗೆ ಸಲ್ಲಬೇಕು. ಯೂರೋಪಿನ ಲಾರಿಗಳಲ್ಲಿ ಅವು ಅಮೆರಿಕಕ್ಕಿಂತ ಮೊದಲೇ ರೂಢಿಗೆ ಬಂದವು. ಆದರೆ ಅವುಗಳ ನಡಾವಳಿಯಲ್ಲಿ ಜೋನ್ಸ್ ನೆಚ್ಚಿಕೊಂಡಿದ್ದ ತತ್ವವೇ ಇದೆ.

ಈ ಹೀಟರ್ ಗಾತ್ರದಲ್ಲಿ ಶೂ ಡಬ್ಬಿಗಿಂತ ಹೆಚ್ಚೇನೂ ದೊಡ್ಡದಲ್ಲ. ಸಾಮಾನ್ಯವಾಗಿ ಹಾಸಿಗೆಯ ಅಡಿಯಲ್ಲಿ ಕೂರುತ್ತದೆ. ಸಣ್ಣ ಪಂಪು ಲಾರಿಯ ಟ್ಯಾಂಕಿನಿಂದ ಹನಿಹನಿಯಾಗಿ ಡೀಸೆಲ್ ತರುತ್ತದೆ. ವಿದ್ಯುತ್ತಿನಿಂದ ಕೆಂಪಗೆ ಕಾಯುವ ಕಡ್ಡಿ ಅದಕ್ಕೆ ಬೆಂಕಿ ಹೊತ್ತಿಸುತ್ತದೆ. ಉರಿಗೆ ಬೇಕಾದ ಗಾಳಿ ಹೊರಗಿನಿಂದಲೇ ಬರುತ್ತದೆ, ಹೊಗೆ ನೆಲದಡಿಯ ಕೊಳವೆಯಿಂದ ಹೊರಗೆ ಹೋಗುತ್ತದೆ. ಕ್ಯಾಬಿನ್ನಿನ ಗಾಳಿ ಲೋಹದ ಗೋಡೆಯ ಇನ್ನೊಂದು ಬದಿಯಲ್ಲಿ ಹಾಯ್ದು, ಬಿಸಿಯನ್ನು ಮಾತ್ರ ಹೊತ್ತು ಒಳಬರುತ್ತದೆ. ಬೆಂಕಿಯ ಗಾಳಿಯೂ ಉಸಿರಿನ ಗಾಳಿಯೂ ಎಲ್ಲಿಯೂ ಬೆರೆಯುವುದಿಲ್ಲ. ಇದ್ದಿಲ ಒಲೆಗೂ ಇದಕ್ಕೂ ಇರುವ ಅಂತರ ಅದೇ. ಆ ಕಾರಣದಿಂದಲೇ ಹೊಗೆಯ ಕೊಳವೆ ಹಿಮದಿಂದ ಮುಚ್ಚದಂತೆ, ಜೋಡಣೆ ಸಡಿಲವಾಗದಂತೆ ಆಗಾಗ ನೋಡಿಕೊಳ್ಳುವುದೂ, ಒಳಗೆ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಇಟ್ಟುಕೊಳ್ಳುವುದೂ ಅಗತ್ಯ.

ಬೇಕಾದ ಉಷ್ಣಾಂಶ ತಲುಪಿದೊಡನೆ ಥರ್ಮೋಸ್ಟಾಟ್ ಉರಿಯನ್ನು ತಗ್ಗಿಸುತ್ತದೆ. 2 ಕಿಲೋವಾಟ್ ಸಾಮರ್ಥ್ಯದ ಹೀಟರ್ ಗಂಟೆಗೆ ಕಾಲು ಲೀಟರಿಗಿಂತ ಹೆಚ್ಚು ಡೀಸೆಲ್ ಬಳಸುವುದಿಲ್ಲ. ದೊಡ್ಡ ಎಂಜಿನ್ 30 ಲೀಟರ್ ಸುಡುತ್ತಿದ್ದ ರಾತ್ರಿಯನ್ನು ಇದು ಒಂದೆರಡು ಲೀಟರಿನಲ್ಲಿ ಕಳೆಯುತ್ತದೆ. ಎಂಜಿನ್ನಿನೊಳಗಿನ ನೀರನ್ನೇ ಬಿಸಿ ಮಾಡುವ ಇನ್ನೊಂದು ಬಗೆಯೂ ಉಂಟು. ಅದರಿಂದ ಬೆಳಗ್ಗೆ ಎಂಜಿನ್ ತಕರಾರಿಲ್ಲದೆ ಎಚ್ಚರಗೊಳ್ಳುತ್ತದೆ.

ಅಮೆರಿಕದಲ್ಲಿ ಈ ಬದಲಾವಣೆಗೆ ವೇಗ ಬಂದದ್ದು 21ನೇ ಶತಮಾನದಲ್ಲಿ. ಇಂಧನದ ಬೆಲೆ ಏರಿತು, ಹೊಗೆಯ ವಿರುದ್ಧ ಕಾನೂನುಗಳು ಬಿಗಿಯಾದವು. ಪೂರಕ ಯಂತ್ರದ ತೂಕದಿಂದ ಲಾರಿ ಮಾಲೀಕರಿಗೆ ನಷ್ಟವಾಗದಿರಲೆಂದು 2005ರ ಇಂಧನ ನೀತಿ ಕಾಯ್ದೆ 400 ಪೌಂಡುಗಳವರೆಗೆ ತೂಕದ ವಿನಾಯಿತಿಗೆ ಅವಕಾಶ ನೀಡಿತು. ಕ್ಯಾಲಿಫೋರ್ನಿಯಾ ರಾಜ್ಯ 2008ರಿಂದ ಮಲಗುವ ಕ್ಯಾಬಿನ್ ಇರುವ ಲಾರಿಗಳಿಗೂ, ನಿಂತಲ್ಲಿ 5 ನಿಮಿಷಕ್ಕಿಂತ ಹೆಚ್ಚು ಎಂಜಿನ್ ಓಡಿಸಬಾರದೆಂಬ ನಿಯಮವನ್ನು ಅನ್ವಯಿಸಿತು. ಜೋನ್ಸ್ ಕಟ್ಟಿ ಬೆಳೆಸಿದ ಥರ್ಮೊ ಕಿಂಗ್ ಸಂಸ್ಥೆಯೂ ಟ್ರೈಪ್ಯಾಕ್ ಹೆಸರಿನ ಪೂರಕ ಘಟಕವನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಪುಟ್ಟ ಡೀಸೆಲ್ ಎಂಜಿನ್, ಬೇಸಿಗೆಯ ತಂಪಿಗೆ ಕಂಪ್ರೆಸರ್, ಚಳಿಗಾಲಕ್ಕೆ ಇಂಧನ ಹೀಟರ್ ಎಲ್ಲವೂ ಒಟ್ಟಿಗೆ ಇವೆ. ಕೋಳಿ ಮಾಂಸಕ್ಕಾಗಿ ಹುಟ್ಟಿದ ವಿಚಾರ ಆರು ದಶಕಗಳ ಬಳಿಕ ಅದೇ ಸಂಸ್ಥೆಯ ಮೂಲಕ ಗೋಡೆ ದಾಟಿ ಚಾಲಕನ ಹಾಸಿಗೆಗೆ ಬಂದಿತು.

ತಡವಾಗಿ ಬಂದ ಗೌರವ

ತಡವಾಗುವಿಕೆ ಜೋನ್ಸ್ ಅವರ ಬದುಕಿಗೂ ಹೊಸದಲ್ಲ. 1944ರಲ್ಲಿ ಅಮೆರಿಕದ ಶೀತಲೀಕರಣ ಎಂಜಿನಿಯರುಗಳ ಸಂಘ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ಆ ಸಂಘವನ್ನು ಸೇರಿದ ಮೊದಲ ಆಫ್ರಿಕನ್ ಅಮೆರಿಕನ್ ಅವರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಕುಡಿಯುವ ನೀರಿನ ನಲ್ಲಿಯೂ ಪ್ರತ್ಯೇಕವಾಗಿದ್ದ ದಿನಗಳವು. ಪದವಿ ಪತ್ರವಿಲ್ಲದ ಕಪ್ಪು ಮೆಕ್ಯಾನಿಕ್ ಪದವೀಧರರ ಸಭೆಯಲ್ಲಿ ಸಮಾನನಾಗಿ ಕುಳಿತದ್ದು ಸಣ್ಣ ಮಾತಲ್ಲ. 1950ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೂ ಅವರಿಂದ ಸಲಹೆ ಪಡೆಯಿತು.

ಜೋನ್ಸ್ ಕೊನೆಯವರೆಗೂ ಕೆಲಸಗಾರರಾಗಿಯೇ ಉಳಿದರು. ನ್ಯೂಮೆರೊ ಉದ್ಯಮ ನೋಡಿಕೊಂಡರೆ, ಜೋನ್ಸ್ ಯಂತ್ರಗಳ ನಡುವೆ ಇದ್ದರು. ಅವರಿಗೆ ದೊರೆತ 60ಕ್ಕೂ ಹೆಚ್ಚು ಪೇಟೆಂಟುಗಳಲ್ಲಿ ಸುಮಾರು 40 ಶೀತಲೀಕರಣಕ್ಕೆ ಸೇರಿದವು. ಉಷ್ಣಾಂಶ ನಿಯಂತ್ರಣ ವ್ಯವಸ್ಥೆಗೆ ಸಂಬಂಧಿಸಿದ ಪೇಟೆಂಟೊಂದು 1960ರಲ್ಲಿ ದೊರೆಯಿತು. ಮರುವರ್ಷ, 1961ರ ಫೆಬ್ರವರಿ 21ರಂದು, ಶ್ವಾಸಕೋಶದ ಕ್ಯಾನ್ಸರಿನಿಂದ ಮಿನ್ನಿಯಾಪೊಲಿಸ್‌ನಲ್ಲಿ ಅವರು ನಿಧನರಾದರು. ಆಗ ಅವರಿಗೆ 67 ವರ್ಷ.

ಮೂವತ್ತು ವರ್ಷಗಳ ನಂತರ, 1991ರಲ್ಲಿ, ಅಮೆರಿಕ ಸರಕಾರ ಜೋನ್ಸ್ ಮತ್ತು ನ್ಯೂಮೆರೊ ಇಬ್ಬರಿಗೂ ಮರಣೋತ್ತರವಾಗಿ ರಾಷ್ಟ್ರೀಯ ತಂತ್ರಜ್ಞಾನ ಪದಕವನ್ನು ನೀಡಿತು. ಆ ಪದಕಕ್ಕೆ ಪಾತ್ರರಾದ ಮೊದಲ ಆಫ್ರಿಕನ್ ಅಮೆರಿಕನ್ ಜೋನ್ಸ್. ಅಧ್ಯಕ್ಷ ಜಾರ್ಜ್ ಬುಷ್ ಅವರಿಂದ ಅದನ್ನು ಸ್ವೀಕರಿಸಲು ಬಂದಿದ್ದವರು ಇಬ್ಬರ ಪತ್ನಿಯರು. 2007ರಲ್ಲಿ ರಾಷ್ಟ್ರೀಯ ಆವಿಷ್ಕಾರಕರ ಗೌರವ ಸಭಾಂಗಣದಲ್ಲಿಯೂ ಜೋನ್ಸ್ ಹೆಸರು ಸೇರಿತು.

ಸೂಪರ್ ಮಾರುಕಟ್ಟೆಯಲ್ಲಿ ವರ್ಷವಿಡೀ ಸಿಗುವ ತಾಜಾ ಹಣ್ಣು, ಊರಿಂದೂರಿಗೆ ಕೆಡದೆ ಸಾಗುವ ಲಸಿಕೆ, ರಕ್ತನಿಧಿಯ ಚೀಲ, ಇವೆಲ್ಲದರ ಹಿಂದೆ ಜೋನ್ಸ್ ಅವರ ಕೆಲಸವಿದೆ. ಅವುಗಳ ನಡುವೆ ಚಾಲಕನ ಬೆಚ್ಚನೆಯ ಹಾಸಿಗೆ ಸಣ್ಣದಾಗಿ ಕಾಣಬಹುದು. ಆದರೆ ಆ ಸರಕನ್ನೆಲ್ಲ ತಂದು ಮುಟ್ಟಿಸುವವನು ಅವನೇ. ಸರಕು ಕೆಟ್ಟರೆ ಮಾಲೀಕನ ಲೆಕ್ಕದ ಪುಸ್ತಕದಲ್ಲಿ ಮರುದಿನವೇ ನಷ್ಟ ಕಾಣುತ್ತದೆ. ಚಾಲಕನ ನಿದ್ದೆ ಕೆಟ್ಟರೆ ಅದು ಯಾವ ಪುಸ್ತಕಕ್ಕೂ ಏರುವುದಿಲ್ಲ. ಕೋಳಿ ಮಾಂಸಕ್ಕೆ ಮೊದಲು ಸಿಕ್ಕ ಸೌಕರ್ಯ ಮನುಷ್ಯನಿಗೆ ಆರು ದಶಕ ತಡವಾಗಿ ಸಿಕ್ಕಿದ್ದಕ್ಕೆ ತಂತ್ರಜ್ಞಾನದ ಕೊರತೆಯೊಂದೇ ಕಾರಣವಲ್ಲ. ತಂತ್ರಕ್ಕೆ ಬೇಕಾದ ತತ್ವವನ್ನು ಹಿಮದ ಊರಿನ ಮೆಕ್ಯಾನಿಕ್ ಎಂದೋ ತೋರಿಸಿಕೊಟ್ಟಿದ್ದರು. ಬಾಕಿ ಉಳಿದಿದ್ದದ್ದು ಗೋಡೆಯ ಈಚೆಗೆ ತಿರುಗಿ ನೋಡುವ ಕಣ್ಣು.

ಮಿನ್ನೆಸೋಟದ ಬಯಲಿನಲ್ಲಿ ಇಂದೂ ಹಿಮ ಸುರಿಯುತ್ತದೆ. ತಂಗುದಾಣದಲ್ಲಿ ಲಾರಿಗಳು ನಿಲ್ಲುತ್ತವೆ. ಪೂರಕ ಹೀಟರ್ ಇರುವ ಲಾರಿಯ ದೊಡ್ಡ ಎಂಜಿನ್ ಮೌನವಾಗುತ್ತದೆ, ಹಾಸಿಗೆಯಡಿಯಲ್ಲಿ ಪುಟ್ಟ ಉರಿಯೊಂದು ಹೊತ್ತಿಕೊಳ್ಳುತ್ತದೆ. ಕ್ಯಾಬಿನ್ ಕಾದೊಡನೆ ಅದು ತಾನಾಗಿಯೇ ತಗ್ಗುತ್ತದೆ, ಚಳಿ ಏರಿದೊಡನೆ ತಾನಾಗಿಯೇ ಹೆಚ್ಚುತ್ತದೆ. ಒಳಗೆ ಮಲಗಿದವನಿಗೆ ಫ್ರೆಡ್ ಜೋನ್ಸ್ ಯಾರೆಂದು ತಿಳಿದಿರಬೇಕಾಗಿಲ್ಲ. ಅವನು ಬೆಳಗಿನವರೆಗೆ ನಿಶ್ಚಿಂತೆಯಿಂದ ನಿದ್ರಿಸಿದರೆ ಸಾಕು.